ವಿಷಯ ಸಿಕ್ಕ ಮೇಲೆ

ಹಾನಗಲ್ಲಿನಲ್ಲಿ ತನ್ನ ಗೈಡ್ ಶೀಲಾ ಮೇಡಂ ಮನೆಯ ಗೇಟಿನವರೆಗೆ ಬಂದ ತನುಜಾ ಒಳಗೆ ಹೋಗಲು ಹಿಂಜರಿದು ನಿಂತಳು. ಪಿಎಚ್.ಡಿ.ಗೆ ವಿಷಯ ಸಿಕ್ಕಿತ್ತು. ಸಿಕ್ಕಿದ್ದೇ ತೊಡಕಾಗಿತ್ತು.

ಮೊದಲು ಅವಳು 'ಗ್ರಾಮೀಣ ಮಹಿಳೆಯರ ಬದುಕು' ಎಂದು ಬರೆದು ತಂದಾಗ, ಅದನ್ನು ಮುಗಿಸಲು ಈ ಜನ್ಮ ಸಾಲದು ಎಂದು ಮೇಡಂ ನಕ್ಕಿದ್ದರು. 'ಹಿರೇಕೆರೂರು ತಾಲ್ಲೂಕಿನ ಕೂಲಿ ಮಹಿಳೆಯರು' ಎಂದು ಕಿರಿದು ಮಾಡಿದರೂ ಒಪ್ಪಲಿಲ್ಲ. ಒಂದೇ ಊರಿಗೆ ಹೋಗು, ನಿನಗೆ ಅರ್ಥವಾಗದ ಒಂದು ಸಂಗತಿ ಹಿಡಿದುಕೊಂಡು ಬಾ ಎಂದು ಕಳಿಸಿದ್ದರು.

ತನುಜಾ ಚಿಕ್ಕೇರೂರಿಗೆ ಹೋದಳು. ಹೈಬ್ರಿಡ್ ಟೊಮೆಟೊ ಬೀಜ ಬೆಳೆಯುವ ಹೊಲದ ಪ್ಲಾಟಿನಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಹುಡುಗಿಯರ ಜೊತೆ ತಾನೂ ಬಗ್ಗಿ ಕೆಲಸ ಮಾಡಿದಳು. ಈ ಕೂಲಿ ಕೆಲಸ ಹುಡುಗಿಯರ ಓದನ್ನು ನುಂಗುತ್ತದೆ ಎಂದೇ ಅವಳು ಓದಿಕೊಂಡಿದ್ದಳು. ಆದರೆ ಪಕ್ಕದಲ್ಲಿದ್ದ ಮಾಲಾ ಎಂಬ ಹುಡುಗಿ ಡಿಗ್ರಿ ಓದುತ್ತಿದ್ದಳು. ಮದುವೆಯ ಮಾತೆತ್ತಿದ ಅಪ್ಪನಿಗೆ, ನನ್ನ ಫೀಸು ನಾನೇ ದುಡಿದು ಕಟ್ಟುತ್ತೇನೆ, ಕಾಲೇಜು ಬಿಡುವುದಿಲ್ಲ ಎಂದಿದ್ದಳಂತೆ. ರಜೆಯಲ್ಲಿ ಹೀಗೆ ದುಡಿದು ಓದುವವರು ಆ ಪ್ಲಾಟಿನಲ್ಲಿ ಇನ್ನೂ ಕೆಲವರಿದ್ದರು.

ಓದು ಕೆಡುತ್ತದೆ ಎಂದು ಬರೆದ ಪುಸ್ತಕ ಶೀಲಾ ಮೇಡಂ ಅವರದೇ. ಅವರ ಹೆಸರು ನಿಂತಿದ್ದೇ ಅದರ ಮೇಲೆ. ಗೈಡನ್ನು ಎದುರು ಹಾಕಿಕೊಂಡು ಡಾಕ್ಟರೇಟ್ ಪಡೆದವರಿಲ್ಲ ಎಂದು ಗೆಳತಿಯರು ಎಚ್ಚರಿಸಿದ್ದರು.

ಕೊನೆಗೂ ಒಳಗೆ ಹೋದ ತನುಜಾ ಒಂದೂ ಬಿಡದೆ ಹೇಳಿದಳು. ಹೇಳಿ ಮುಗಿಸಿದ್ದೇ ಹೆದರಿ, "ಬ್ಯಾಡಂದ್ರ ಬ್ಯಾರೆ ವಿಷಯ ತಗೋತೇನ್ರಿ ಮೇಡಂ," ಎಂದಳು.

"ಯಾಕ ಬ್ಯಾಡ?" ಶೀಲಾ ಎದ್ದು ಕಪಾಟಿನಿಂದ ತಮ್ಮ ಪುಸ್ತಕ ತೆಗೆದರು. ಪುಟ ಹುಡುಕಿ, ಕೂಲಿಯಿಂದ ಓದು ಕೆಡುತ್ತದೆ ಎಂಬ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಅವಳ ಕೈಗಿತ್ತರು. "ನಿನ್ನ ಪ್ರಬಂಧ ಇಲ್ಲಿಂದ ಶುರು ಆಗ್ಲಿ. ಇದು ಖರೇ ಏನು ಅಂತ ಕೇಳು."

"ನೀವು ಬರದದ್ದು ತಪ್ಪಂತ ನಾ ಹೇಳಾಕತ್ತಿಲ್ರಿ."

"ಹೇಳಬೇಕಾದೀತು," ಎಂದರು ಶೀಲಾ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತನುಜಾ ಎಂದೂ ನೋಡಿರದ ಉತ್ಸಾಹವಿತ್ತು. "ನಾ ಸಾಲ್ಯಾಗ ಕುಂತು ಹುಡುಗ್ಯಾರ ಬಗ್ಗೆ ಮಾಸ್ತರನ್ನ ಕೇಳಿದ್ದೆ. ನೀ ಹೊಲದಾಗ ನಿಂತು ಹುಡುಗ್ಯಾರನ್ನ ಕೇಳೀದಿ."