ಬಿಳಿ ಕೋಟಿನ ಉಡಿ

“ಸೆರಗಿಲ್ಲದಿದ್ರ ಏನಾತ್ರಿ, ಕೋಟ್ ಹಿಡಿರಿ,” ಎಂದಳು ಕುರಕುಂಟಾ ಊರಿನ ಬಾಣಂತಿ ಮಾಳಮ್ಮ, ಕೂಸನ್ನು ಮಂಚದ ಮೇಲೆ ಮಲಗಿಸುತ್ತ. ಕುರ್ಚಿಯಲ್ಲಿದ್ದ ಅರಿವಳಿಕೆ ವೈದ್ಯೆ ಪ್ರಮಿತಾ ನಗುತ್ತಲೇ ಬಿಳಿ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಕೆಲಸಕ್ಕೆ ಬರುತ್ತೇನೋ ಇಲ್ಲವೋ ಎಂದು ಅವಳು ಇವತ್ತೇ ಹೇಳಬೇಕಿತ್ತು. ಇರುವ ಒಬ್ಬಳೇ ಅರಿವಳಿಕೆ ವೈದ್ಯೆ ಹೋದರೆ ಸೇಡಂನ ಈ ಆಸ್ಪತ್ರೆಯಲ್ಲಿ ಆಪರೇಷನ್ ಹೆರಿಗೆ ನಿಂತಂತೆಯೇ.

“ಆಪರೇಷನ್ ಮಾಡಿದ ಮೇಡಂಗೆ ಉಡಿ ತುಂಬವ್ವ. ನಾ ಬರೇ ಸೂಜಿ ಹಾಕಿದಾಕಿ. ನಮ್ಮನ್ನ ಯಾರು ನೆನಪಿಡ್ತಾರ?”

“ಅವರಿಗೂ ತುಂಬೀನ್ರಿ. ಆದ್ರ ಆವತ್ತ ಅವರ ಮಾರಿ ನಾ ಎಲ್ಲಿ ನೋಡೀನಿ? ನಡುವ ಪರದಾ ಕಟ್ಟಿದ್ರಿ. ಅಂಜಿ ನಡುಗಾಕತ್ತಿದ್ದೆ. ತಲಿ ಬಾಜೂಕ ಕುಂತು, ನಿಮ್ಮ ಎಮ್ಮಿ ಹಾಲೆಷ್ಟು ಕೊಡ್ತದ ಅಂತ ಕೇಳಿದಾಕಿ ನೀವ ಅಲ್ಲೇನ್ರಿ ಅಕ್ಕಾ?”

ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಕೋಟಿಗೆ ಬಿದ್ದವು. ಅಷ್ಟರಲ್ಲಿ ಹೈದರಾಬಾದಿನಿಂದ ಫೋನು ಬಂತು. ಏಳಲು ಹೋದ ಪ್ರಮಿತಾಳ ಭುಜ ಒತ್ತಿ ಮಾಳಮ್ಮ ಗದರಿದಳು: “ಕುಂದ್ರಿ. ಇದು ನಿಮ್ಮ ತವರಿನ ಉಡಿ ಅಂತ ತಿಳೀರಿ, ನಡುವ ಏಳಬಾರದು.”

ಪ್ರಮಿತಾ ಕುಳಿತಳು. ಬಡಿದುಕೊಂಡು ಬಡಿದುಕೊಂಡು ಫೋನು ಸುಮ್ಮನಾಯಿತು.

“ಬರಲ್ಲ ಅಂತ ಆಮ್ಯಾಲ ಹೇಳಿದ್ರಾತು,” ಎಂದವಳು ಕೋಟಿನ ಅಂಚನ್ನು ಇನ್ನಷ್ಟು ಅಗಲ ಮಾಡಿದಳು. “ಈಗ ಹೇಳವ್ವ, ಎಮ್ಮಿ ಹೆಂಗದ?”