ನಮ್ಮ ಮನೆಯವರು

ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಪ್ರಕಾಶಕನಿಗೆ ಅನುಮಾನ ಬಂತು. ಐದನೆಯ ಪುಟಕ್ಕೆ ಅನುಮಾನವೂ ಉಳಿಯಲಿಲ್ಲ. ಈ ಕಥೆ ಬರೆದವಳು ತನ್ನ ಹೆಂಡತಿಯೇ.

ಸ್ಪರ್ಧೆಗೆ ಟೈಪಾಗಿ ಬಂದ ಅರವತ್ತು ಕಥೆಗಳಲ್ಲಿ ಇದು ಮೂವತ್ತೆಂಟನೆಯದು. ಬರೆದವರ ಹೆಸರು, ವಿಳಾಸ ಬಾಯಿ ಅಂಟಿಸಿದ ಬೇರೆ ಲಕೋಟೆಗಳಲ್ಲಿ ಕಪಾಟಿನಲ್ಲಿದ್ದವು. ತೀರ್ಪಿಗೆ ಮೊದಲು ಒಡೆಯುವಂತಿಲ್ಲ ಎಂಬುದು ತೀರ್ಪುಗಾರರೇ ಮಾಡಿಕೊಂಡ ನಿಯಮ. ತೀರ್ಪುಗಾರರು ಇಬ್ಬರೇ, ಗಂಡ ಮತ್ತು ಹೆಂಡತಿ. ಪ್ರಕಾಶನವೆಂದರೂ ಅವರಿಬ್ಬರೇ. ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಪುಸ್ತಕ ಆರಿಸುತ್ತಿದ್ದ, ಅವಳು ಕರಡು ತಿದ್ದುತ್ತಿದ್ದಳು.

ಕಥೆಯ ಹೆಸರು ‘ನಮ್ಮ ಮನೆಯವರು’. ಬೇರೆಯವರ ಮುಂದೆ ಇವರಿಬ್ಬರೂ ಒಬ್ಬರನ್ನೊಬ್ಬರು ಹೇಳಿಕೊಳ್ಳುವುದೂ ಹಾಗೆಯೇ. ಒಂದೇ ಕಡೆ ದುಡಿಯುವ ದಂಪತಿ. ಇಡೀ ದಿನ ಮಾತು, ಎಲ್ಲವೂ ಕೆಲಸದ್ದೇ. ‘ಊಟಕ್ಕೆ ಕೂತರೂ ನಮ್ಮ ಮನೆಯವರು ಕೆಲಸದ ಮಾತನ್ನೇ ಬಡಿಸುತ್ತಾರೆ’ ಎಂದೊಂದು ಸಾಲಿತ್ತು. ಕೊನೆಯ ಸಾಲು: ‘ನಾನು ಹೊರಟೆ. ತಡೆಯುವುದಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ.’

ಅವನು ಹಾಳೆಗಳನ್ನು ಅವಳ ಮೇಜಿಗೆ ದಾಟಿಸಿದ. ಅವಳು ಓದಿ ಮುಗಿಸಿ, ತುಂಬ ಹೊತ್ತು ಕನ್ನಡಕ ಒರೆಸುತ್ತ ಕೂತಳು. ಆಮೇಲೆ ಹತ್ತಕ್ಕೆ ಹತ್ತು ಅಂಕ ಹಾಕಿದಳು.

“ಇಷ್ಟು ಚೆನ್ನಾಗಿ ಬರೆಯೋರು ಎದುರಿಗೇ ಹೇಳಬಹುದಿತ್ತು,” ಎಂದಳು.

“ಹೇಳಿದ್ರೆ ಕೇಳೋರು ಬೇಕಲ್ಲ,” ಎಂದ ಅವನು.

ಅವಳು ತಲೆ ತಗ್ಗಿಸಿದಳು.

ಅಂದಿನಿಂದ ಅವಳು ಮಧ್ಯಾಹ್ನ ಎಲ್ಲಿಗೋ ಹೋಗಿಬರತೊಡಗಿದಳು. ಕೇಳಿದರೆ ಕನ್ನಡಕದ ಅಂಗಡಿಗೆ ಎಂದಳು. ಮೂಗಿನ ಮೇಲೆ ಹಳೆಯ ಕನ್ನಡಕವೇ ಇತ್ತು. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದಳು. ಬಿಟ್ಟುಹೋಗಬೇಡ ಎಂದು ಬೇಡಿಕೊಳ್ಳೋಣವೆಂದರೆ ಅವನಿಗೆ ನಾಲಿಗೆ ಏಳಲಿಲ್ಲ. ಬೆಳಿಗ್ಗೆ ತಾನೇ ಟೀ ಮಾಡಿಕೊಟ್ಟ. ಅವಳ ಮಂಡಿನೋವು ವಿಚಾರಿಸಿದ. ಊಟದ ಹೊತ್ತಿನಲ್ಲಿ ಕರಡಿನ ಸುದ್ದಿ ಎತ್ತಲಿಲ್ಲ. ಅವನು ಒಳ್ಳೆಯವನಾದಷ್ಟೂ ಅವಳು ಬಾಡಿದಳು. ಒಂದು ದಿನ ಟೀ ಲೋಟ ಕೈಯಲ್ಲಿ ಹಿಡಿದೇ ಅತ್ತುಬಿಟ್ಟಳು.

“ನಾನು ಮನಸ್ಸು ಗಟ್ಟಿ ಮಾಡ್ಕೊಂಡಾಗಿದೆ. ಇದೆಲ್ಲ ಬೇಡ,” ಎಂದಳು.

ತೀರ್ಪಿನ ದಿನ ಮೊದಲ ಬಹುಮಾನದ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ. ಅವನು ಮೂವತ್ತೆಂಟನೆಯ ಲಕೋಟೆ ಕೈಗೆತ್ತಿಕೊಂಡ.

“ಒಡೀಲೇಬೇಕಾ?”

“ಒಡೀರಿ. ಎಷ್ಟು ದಿನ ಅಂತ ಮುಚ್ಚಿಡೋದು?”

ಒಡೆದ. ಕೈಬರಹ ಅವಳದಲ್ಲ. ಇಬ್ಬರೂ ಕಂಡು ಕೇಳಿರದ ಊರಿನ, ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳದು. ಇದು ತನ್ನ ಮೊದಲ ಕಥೆ, ಪೂರ್ತಿ ಕಲ್ಪನೆ, ತನಗಿನ್ನೂ ಮದುವೆಯಾಗಿಲ್ಲ ಎಂದು ಆ ಹುಡುಗಿಯೇ ಬರೆದುಕೊಂಡಿದ್ದಳು.

ಅವನಿಗೆ ಹೋದ ಜೀವ ಬಂದಂತಾಯಿತು. ಹಾಳೆಯನ್ನು ಹೆಂಡತಿಯ ಮುಂದಿಟ್ಟು, ಇಷ್ಟು ದಿನ ತಾನು ಪಟ್ಟ ಪಾಡು ನೆನೆದು ನಕ್ಕುಬಿಟ್ಟ. ಅವಳು ನಗಲಿಲ್ಲ. ಎರಡು ಸಲ ಓದಿದಳು.

“ಹಾಗಾದ್ರೆ ಇದು ನೀವು ಬರೆದದ್ದಲ್ವಾ? ನನ್ನ ಬಿಟ್ಟು ಹೋಗ್ತೀರಿ ಅಂದ್ಕೊಂಡು, ನಾನು ಬೇರೆ ಊರಲ್ಲಿ ಕೆಲಸಕ್ಕೆ ಒಪ್ಕೊಂಡುಬಿಟ್ಟೆನಲ್ಲ.”