ಚರಣ ಹಾಡಿ ಸರ್

ಕಾಲೇಜಿನ ಉತ್ಸವದಲ್ಲಿ ಗಾಯಕ ತನ್ನ ಹಳೆಯ ಹಿಟ್ ಹಾಡಿನ ಪಲ್ಲವಿ ಎತ್ತಿಕೊಂಡದ್ದೇ ತಡ, ಮೈದಾನವೆಲ್ಲ ಕುಣಿಯಿತು. ಪಲ್ಲವಿ ಮುಗಿದ ಕೂಡಲೇ ಎಲ್ಲರೂ ಫೋನು ಕೆಳಗಿಳಿಸಿದರು. ರೀಲ್ಸ್‌ನಲ್ಲಿ ಓಡುತ್ತಿದ್ದುದು ಅಷ್ಟೇ.

"ಮುಂದಿನ ಹಾಡಿಗೆ ಹೋಗೋಣ ಸರ್, ಚರಣ ಯಾರಿಗೂ ಬೇಡ," ಎಂದ ಕೀಬೋರ್ಡಿನವನು.

"ಆ ಚರಣಕ್ಕೇ ಕಣಯ್ಯಾ ಜನ ನನ್ನನ್ನ ಹೊತ್ತು ಮೆರೆಸಿದ್ದು. ಇವರಿಗೆ ಕಿವಿಯೇ ಇಲ್ಲ."

ಹೀಗೆ ಗೊಣಗುತ್ತಲೇ ಅವನು ವರ್ಷಗಳಿಂದ ಪಲ್ಲವಿಗೇ ಹಾಡು ಮುಗಿಸುತ್ತ ಬಂದಿದ್ದ.

ಅಷ್ಟರಲ್ಲಿ ವೇದಿಕೆಗೆ ಅಂಟಿಕೊಂಡಂತೆ ನಿಂತಿದ್ದ ಹುಡುಗಿಯೊಬ್ಬಳು ಫೋನು ಎತ್ತಿ ಹಿಡಿದು ಕೂಗಿದಳು: "ಸರ್, ಚರಣ ಹಾಡಿ ಸರ್! ನಮ್ಮಮ್ಮ ಲೈನಲ್ಲಿದ್ದಾರೆ. ಅವರಿಗೆ ಚರಣಾನೇ ಇಷ್ಟ!"

ಅವನ ಕಣ್ಣು ತುಂಬಿ ಬಂತು. ಕೀಬೋರ್ಡಿನವನಿಗೆ ಸನ್ನೆ ಮಾಡಿದ. ಚರಣದ ಮುಂಚಿನ ಸಂಗೀತ ಶುರುವಾಯಿತು, ಮೈದಾನ ಸುಮ್ಮನಾಯಿತು. ಅವನು ಬಾಯಿ ತೆರೆದ. ಸಂಗೀತ ಇನ್ನೊಂದು ಸುತ್ತು ಬಂತು. ಮತ್ತೆ ಬಾಯಿ ತೆರೆದ.

ಕೊನೆಗೆ ಮುಖದ ತುಂಬ ನಗು ತಂದುಕೊಂಡು, ಬಗ್ಗಿ ಮೈಕನ್ನು ಹುಡುಗಿಯ ಫೋನಿಗೆ ಹಿಡಿದ.

"ಅಮ್ಮಾ, ಮೊದಲನೇ ಸಾಲು ನೀವೇ ಶುರು ಮಾಡಿ."